ನಾವೇನು ಸಕ್ಕರೆಯ ಗೊಂಬೆಗಳೇ?

ಮಳೆಗಾಲದಲ್ಲಿ ನಮ್ಮ ಹತ್ತರಗಿಯ ಕಡೆ ಯಾರೂ ದೂರದ ಪ್ರವಾಸ ಹೊರಡುವುದಿಲ್ಲ. ಬಹಳವೆಂದರೆ ಗೋಕಾಕ ಫಾಲ್ಸಿಗೆ ಹೋಗಿ, 52 ಮೀಟರ್ ಎತ್ತರದಿಂದ ಕೆಂಪಗೆ ಧುಮುಕುವ ಘಟಪ್ರಭೆಯನ್ನು ನೋಡಿ, ಬಿಸಿ ಭಜಿ ತಿಂದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತೇವೆ. ಅಂಥ ಊರಿನವನಾದ ನಾನು ನೌಕರಿಯಿಂದ ನಿವೃತ್ತನಾದ ವರ್ಷವೇ, ಅಂದರೆ 2024ರ ಅಕ್ಟೋಬರಿನಲ್ಲಿ, ಮನೆಯಂಥದೊಂದು ವ್ಯಾನಿನಲ್ಲಿ ಕುಳಿತು ಐದು ದಿನ ಮಳೆಯಲ್ಲೇ ನೆದರ್‌ಲ್ಯಾಂಡ್ಸ್ ಸುತ್ತಿ ಬಂದೆನೆಂದರೆ ನಮ್ಮೂರಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂಡುವ ಗೆಳೆಯರು ಇನ್ನೂ ನಗುತ್ತಾರೆ. ‘ಮಾಸ್ತರ, ತೋಯಿಸಿಕೊಳ್ಳಾಕ ಅಷ್ಟು ದೂರ ಹೋಗಬೇಕಿತ್ತೇನ್ರಿ?’ ಎಂದು ಕೇಳುತ್ತಾರೆ.

ಹೋಗಬೇಕಿತ್ತು. ಯಾಕೆಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸಿದವನು. ‘ಹಾಲೆಂಡ್ ದೇಶದ ಬಹುಭಾಗ ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿದೆ’ ಎಂಬ ವಾಕ್ಯವನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಹಾಲೆಂಡ್ ಎಂಬುದು ಆ ದೇಶದ ಒಂದು ಭಾಗದ ಹೆಸರು ಮಾತ್ರ. ತಗ್ಗಿನಲ್ಲಿರುವುದು ದೇಶದ ಸುಮಾರು ಕಾಲು ಭಾಗ. ಈ ತಿದ್ದುಪಡಿಯನ್ನು ನಾನೇ ತಡವಾಗಿ ಕಲಿತೆ. ಆದರೆ ಆ ಪಾಠ ಮಾಡುವಾಗ ಪ್ರತಿ ವರ್ಷವೂ ನನ್ನ ಮೈ ಒಮ್ಮೆ ಜುಮ್ಮೆನ್ನುತ್ತಿತ್ತು. ತಲೆಯ ಮೇಲೆ ಸಮುದ್ರವನ್ನಿಟ್ಟುಕೊಂಡು ಜನ ನಿದ್ದೆ ಮಾಡುವುದಾದರೂ ಹೇಗೆ? ನನಗೆ ನೀರೆಂದರೆ ಭಯ. ಈ ಮಾತನ್ನು ನಾನು ಯಾವ ವಿದ್ಯಾರ್ಥಿಗೂ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ಮಗನಿಗೆ ನಾನು ಹೇಳಿದ್ದು ಒಂದೇ ಮಾತು: ‘ನೀರಿನ ಕಡೆ ಹೋದಿ ಅಂದ್ರ ಕಾಲು ಮುರೀತೀನಿ.’

ದೈವದ ಆಟ ನೋಡಿ. ಆ ಮಗನೇ ಎಂಜಿನಿಯರ್ ಆಗಿ ನೌಕರಿ ಹಿಡಿದದ್ದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವೆನ್ ನಗರದಲ್ಲಿ! ಊರೇನೋ ಸಮುದ್ರಕ್ಕಿಂತ ಮೇಲಿದೆ. ಆದರೆ ನಮ್ಮ ವಿಮಾನ ಇಳಿದ ಸ್ಖಿಪೋಲ್ ನಿಲ್ದಾಣ ಸಮುದ್ರ ಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಅದು ಹಿಂದೊಮ್ಮೆ ದೊಡ್ಡ ಸರೋವರವಾಗಿತ್ತು. 1849ರಿಂದ 1852ರವರೆಗೆ ಮೂರು ಭಾರಿ ಉಗಿ ಪಂಪುಗಳನ್ನು ಹಚ್ಚಿ ಅದನ್ನು ಬತ್ತಿಸಿದರು. ಮಗ ಇದನ್ನು ಹೇಳಿದಾಗ ನಮ್ಮ ಮನೆಯವರು ನೆಲವನ್ನು ಒಮ್ಮೆ ಕಾಲಿನಿಂದ ಒತ್ತಿ ನೋಡಿ, ‘ಗಟ್ಟಿ ಐತಿ ಬಿಡ್ರಿ’ ಎಂದರು.

ಮೊಮ್ಮಗನ ಶಾಲೆಗೆ ಅಕ್ಟೋಬರಿನಲ್ಲಿ ಒಂದು ವಾರ ರಜೆ. ಮಗ ಒಂದು ಕ್ಯಾಂಪರ್ ವ್ಯಾನನ್ನು ಬಾಡಿಗೆಗೆ ತಂದು ಮನೆಯ ಮುಂದೆ ನಿಲ್ಲಿಸಿದ. ಹೊರಗಿನಿಂದ ನೋಡಿದರೆ ನಮ್ಮ ಕಡೆಯ ಟೆಂಪೊ. ಒಳಗೆ ಕಾಲಿಟ್ಟರೆ ಸಂಸಾರ. ಎರಡು ಉರಿಯ ಗ್ಯಾಸ್ ಒಲೆ, ಅಂಗೈಯಗಲದ ಸಿಂಕು, ಸಣ್ಣ ಫ್ರಿಜ್ಜು, ಮಡಚಿದರೆ ಮೇಜು, ಬಿಚ್ಚಿದರೆ ಹಾಸಿಗೆ. ಚಾಲಕನ ತಲೆಯ ಮೇಲೆ ಅಟ್ಟದಂಥ ಇನ್ನೊಂದು ಹಾಸಿಗೆ. ಮೂಲೆಯಲ್ಲಿ ಬೀರುವಿನಷ್ಟು ಜಾಗದಲ್ಲಿ ಪಾಯಖಾನೆ. ಕುಡಿಯುವ ನೀರಿಗೆ ಒಂದು ಟಾಕಿ, ಬಳಸಿದ ನೀರಿಗೆ ಇನ್ನೊಂದು. ಈ ನೀರನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ, ಗಾಡಿಯನ್ನು ಎಲ್ಲೆಂದರಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ಹಣ ಕೊಟ್ಟು ಕ್ಯಾಂಪಿನ ಮೈದಾನದಲ್ಲಿ ನಿಲ್ಲಬೇಕು. ಅಲ್ಲಿ ವಿದ್ಯುತ್ತಿನ ತಂತಿ ಸಿಕ್ಕಿಸಿಕೊಳ್ಳಬೇಕು, ಹೊಲಸು ನೀರಿಗೆಂದೇ ಇರುವ ಗುಂಡಿಗೆ ಅದನ್ನು ಸುರಿಯಬೇಕು. ನಮ್ಮ ಮನೆಯವರು ಊರಿನಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕರದಂಟುಗಳನ್ನು ಕಪಾಟಿನಲ್ಲಿ ತುಂಬಿದ ಮೇಲೆ ಆ ವ್ಯಾನು ಪೂರ್ತಿ ಹುಕ್ಕೇರಿ ತಾಲೂಕಿನದಾಯಿತು.

ಹೊರಟ ಗಳಿಗೆಗೇ ಮಳೆ ಹಿಡಿಯಿತು. ನಮ್ಮ ಮಳೆಯಂತಲ್ಲ ಅದು. ಘಟಪ್ರಭೆ, ಹಿರಣ್ಯಕೇಶಿಗಳ ನೆತ್ತಿಯ ಮೇಲೆ ಸುರಿಯುವ ಪಶ್ಚಿಮಘಟ್ಟದ ಮಳೆ ನಾಲ್ಕು ತಿಂಗಳಲ್ಲಿ ವರ್ಷದ ಲೆಕ್ಕ ಮುಗಿಸಿ ಹೋಗುತ್ತದೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 850 ಮಿಲಿಮೀಟರ್ ಮಾತ್ರ. ಆದರೆ ಅದನ್ನು ಹನ್ನೆರಡು ತಿಂಗಳಿಗೆ ಹಂಚಿ, ಜಿಪುಣನ ದಾನದಂತೆ ದಿನಾ ಚೂರುಚೂರು ಕೊಡುತ್ತದೆ ಆಕಾಶ. ಜೊತೆಗೆ ಗಾಳಿ. ಕೊಡೆ ಬಿಚ್ಚಿದರೆ ಅದು ತಿರುವುಮುರುವು. ಮೊದಲ ರಾತ್ರಿ ತಗಡಿನ ಮೇಲೆ ತಟತಟ ಎನ್ನುವ ಸದ್ದಿಗೆ ನಾನು ನಿದ್ದೆ ಮಾಡಲಿಲ್ಲ. ನಮ್ಮ ಉಸಿರೇ ಕಿಟಕಿಯ ಗಾಜಿಗೆ ಹನಿಯಾಗಿ ಕಟ್ಟಿ ಹಾಸಿಗೆಗೆ ಇಳಿಯುತ್ತಿತ್ತು. ಬೆಳಿಗ್ಗೆ ನೋಡುತ್ತೇನೆ, ಪಕ್ಕದ ಗಾಡಿಯ ವೃದ್ಧೆಯೊಬ್ಬರು ಆ ಮಳೆಯಲ್ಲೇ ಸೈಕಲ್ಲೇರಿ ಬ್ರೆಡ್ಡು ತರಲು ಹೊರಟಿದ್ದರು! ಮಗ ಅವರ ಭಾಷೆಯಲ್ಲಿ ಏನೋ ಕೇಳಿದ. ಅವರು ನಕ್ಕು ಒಂದು ಮಾತು ಹೇಳಿ ಹೋದರು. ‘ನಾವೇನು ಸಕ್ಕರೆಯಿಂದ ಮಾಡಿದವರಲ್ಲ ಅಂದ್ರಪ್ಪಾ. ಇಲ್ಲೆ ಮಳಿ ಬಂದಾಗ ಎಲ್ಲಾರೂ ಹಿಂಗ ಅಂತಾರ’ ಎಂದು ಮಗ ತಿಳಿಸಿದ. ಕಬ್ಬಿನ ಸೀಮೆಯಲ್ಲಿ ಹುಟ್ಟಿದ ನಮ್ಮ ಮನೆಯವರು ಬಿಡುತ್ತಾರೆಯೇ? ‘ಹಂಗಾರ ನಾವೇನ್ ಬೆಲ್ಲೇನು? ನಡೀರಿ, ಇಳಿಯೂಣು’ ಎಂದು ಸೆರಗು ಬಿಗಿದರು.

ಇಳಿದದ್ದು ಕಿಂಡರ್‌ಡೈಕ್ ಎಂಬಲ್ಲಿ. ಕಾಲುವೆಯ ಎರಡೂ ಬದಿಗೆ 19 ಗಾಳಿಯಂತ್ರಗಳು. ಬಹುಪಾಲು 1738 ಮತ್ತು 1740ರಲ್ಲಿ ಕಟ್ಟಿದವು. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಪಠ್ಯಪುಸ್ತಕದ ಚಿತ್ರ ನೋಡಿ ಅವು ಹಿಟ್ಟು ಬೀಸುವ ಗಿರಣಿಗಳೆಂದು ಎಷ್ಟೋ ಮಕ್ಕಳು ತಿಳಿದಿರುತ್ತಾರೆ. ಅಲ್ಲ, ಅವು ನೀರೆತ್ತುವ ಯಂತ್ರಗಳು. ತಗ್ಗಿನ ಹೊಲಗಳಲ್ಲಿ ನಿಂತ ನೀರನ್ನು ಎತ್ತಿ ಮೇಲಿನ ಕಾಲುವೆಗೆ, ಅಲ್ಲಿಂದ ನದಿಗೆ ಸಾಗಿಸಲು ಕಟ್ಟಿದವು. ನಾವು ಬಾವಿಯಿಂದ ಹೊಲಕ್ಕೆ ನೀರೆತ್ತಿದರೆ ಅವರು ಹೊಲದಿಂದ ನದಿಗೆ ನೀರೆತ್ತುತ್ತಾರೆ! ಈಗ ಆ ಕೆಲಸವನ್ನು ದೊಡ್ಡ ಪಂಪುಗಳು ಮಾಡುತ್ತವೆ.

ಕಿಂಡರ್‌ಡೈಕ್ ಎಂದರೆ ‘ಮಗುವಿನ ಒಡ್ಡು’. 1421ರ ಮಹಾಪೂರದ ನಂತರ ಒಡ್ಡಿನ ಹತ್ತಿರ ಒಂದು ತೊಟ್ಟಿಲು ತೇಲಿ ಬಂತಂತೆ. ತೊಟ್ಟಿಲು ಮಗುಚದಂತೆ ಬೆಕ್ಕೊಂದು ಆ ಬದಿಯಿಂದ ಈ ಬದಿಗೆ ಜಿಗಿಯುತ್ತಿತ್ತಂತೆ. ಒಳಗೆ ಮಗು ಒಣಗಿದ ಬಟ್ಟೆಯಲ್ಲಿ ನಿದ್ರಿಸುತ್ತಿತ್ತಂತೆ. ಇದು ದಂತಕಥೆ. ಏಳು ವರ್ಷದ ಮೊಮ್ಮಗ ಈ ಕಥೆಯನ್ನು ನನಗೆ ಹೇಳಿ, ಕೊನೆಗೆ ಕೇಳಿದ: ‘ಅಜ್ಜಾ, ನಿಮಗ ಈಸಾಕ ಬರ್ತೈತೇನು?’

‘ಇಲ್ಲಪ್ಪ’ ಎಂದೆ.

‘ಪಪ್ಪಾಗೂ ಬರೂದಿಲ್ಲ. ನನಗ ಬರ್ತೈತಿ. ಶನಿವಾರ ನನ್ನ ಪರೀಕ್ಷೆ ಐತಿ. ನೀವು ಬರಬೇಕು.’

ಅಲ್ಲಿಯವರೆಗೆ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಆ ದೇಶದಲ್ಲಿ ಈಜಿಗೆ ಎ, ಬಿ, ಸಿ ಎಂದು ಮೂರು ಡಿಪ್ಲೊಮಾಗಳಿವೆ. 1985ರವರೆಗೆ ಶಾಲೆಯಲ್ಲೇ ಈಜು ಕಡ್ಡಾಯವಾಗಿತ್ತು. ಈಗ ಕಡ್ಡಾಯವಿಲ್ಲದಿದ್ದರೂ ನಾಲ್ಕೈದು ವರ್ಷ ತುಂಬಿತೆಂದರೆ ತಾಯಿತಂದೆ ಮಗುವನ್ನು ಈಜುಕೊಳಕ್ಕೆ ಹಚ್ಚುತ್ತಾರೆ. ಅದರಲ್ಲಿ ಒಂದು ಪರೀಕ್ಷೆ ಕೇಳಿ ನನ್ನ ಎದೆ ಧಸಕ್ಕೆಂದಿತು. ಅಂಗಿ, ಚಡ್ಡಿ, ಬೂಟು ಹಾಕಿಕೊಂಡೇ ಮಗು ನೀರಿಗೆ ಜಿಗಿಯಬೇಕು. ಯಾಕೆಂದರೆ ಕಾಲುವೆಗೆ ಜಾರಿ ಬೀಳುವ ಮಗು ಬಟ್ಟೆ ಕಳಚಿಟ್ಟು ಬೀಳುವುದಿಲ್ಲ! ಇನ್ನೊಂದು ಪರೀಕ್ಷೆಯಲ್ಲಿ ನೀರೊಳಗೆ ಮುಳುಗಿ, ತೂಗುಬಿಟ್ಟ ತಾಡಪಾಲಿನ ರಂಧ್ರದೊಳಗಿಂದ ತೂರಿ ಆಚೆ ಬರಬೇಕು. ‘ಬ್ಯಾಡ, ಇದೆಲ್ಲಾ ಬ್ಯಾಡ’ ಎಂದು ನಾನು ಮಗನ ಮೇಲೆ ರೇಗಿದೆ. ಅವನು ಉತ್ತರ ಕೊಡಲಿಲ್ಲ. ಗಾಡಿಯೊಳಗೆ ಆ ಮಧ್ಯಾಹ್ನ ಮಳೆಯೊಂದೇ ಮಾತಾಡಿತು.

ಮರುದಿನ ನೈಋತ್ಯದ ಝೇಲಂಡ್ ಪ್ರಾಂತಕ್ಕೆ ಹೋದೆವು. ದ್ವೀಪಗಳ ಸೀಮೆ ಅದು. ಔವೆರ್‌ಕೆರ್ಕ್ ಎಂಬ ಹಳ್ಳಿಯ ಹತ್ತಿರ ಕಾಂಕ್ರೀಟಿನ ನಾಲ್ಕು ಬೃಹತ್ ಪೆಟ್ಟಿಗೆಗಳಿವೆ. ಅವುಗಳ ಒಳಗೇ ಒಂದು ವಸ್ತುಸಂಗ್ರಹಾಲಯ. 1953ರ ಜನವರಿ 31ರ ರಾತ್ರಿ ಬಿರುಗಾಳಿಯೂ ಸಮುದ್ರದ ಭರತವೂ ಒಂದೇ ಹೊತ್ತಿಗೆ ಕೂಡಿ ಬಂದು ಒಡ್ಡುಗಳು ಒಡೆದವು. ಶನಿವಾರದ ರಾತ್ರಿ, ಜನ ಮಲಗಿದ್ದರು. ಆ ಪೂರದಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಸತ್ತವರು 1836 ಮಂದಿ. ಒಡ್ಡಿನ ಕೊನೆಯ ಬಿರುಕನ್ನು ಅದೇ ನವೆಂಬರಿನಲ್ಲಿ ಮುಚ್ಚಿದ್ದು ಈ ನಾಲ್ಕು ಪೆಟ್ಟಿಗೆಗಳನ್ನು ತೇಲಿಸಿ ತಂದು ಮುಳುಗಿಸಿ. ಸತ್ತವರ ಲೆಕ್ಕವನ್ನು ಅಲ್ಲಿ 1835+1 ಎಂದು ತೋರಿಸುತ್ತಾರೆ. ಆ ‘ಒಂದು’, ಅದೇ ರಾತ್ರಿ ಹುಟ್ಟಿ ಅದೇ ರಾತ್ರಿ ನೀರುಪಾಲಾದ ಕೂಸು. ಅದಕ್ಕೂ ಒಂದು ಲೆಕ್ಕ ಇಟ್ಟಿದ್ದಾರೆ.

ಶಾಲೆಯ ಮಕ್ಕಳು ನಮ್ಮ ಜೊತೆಗೇ ಒಳಗೆ ಅಡ್ಡಾಡುತ್ತಿದ್ದರು. ಒಬ್ಬ ತಾಯಿ ತನ್ನ ಮಗಳಿಗೆ ಒಂದು ಚಿತ್ರದ ಮುಂದೆ ನಿಂತು ಮೆಲ್ಲಗೆ ಏನೋ ತಿಳಿಸಿ ಹೇಳುತ್ತಿದ್ದಳು. ನಾನು ಹೊರಗೆ ಬಂದು ಮಳೆಯಲ್ಲೇ ನಿಂತೆ. ಸತ್ತವರ ಕಥೆಯನ್ನು ಇವರು ಮಕ್ಕಳಿಗೆ ಹೇಳುತ್ತಾರೆ. ನಾನು ನಲವತ್ತೇಳು ವರ್ಷ ಬಚ್ಚಿಟ್ಟಿದ್ದೆ.

ಆ ರಾತ್ರಿ ವ್ಯಾನಿನಲ್ಲಿ ಮೊಮ್ಮಗ ಅಟ್ಟದ ಮೇಲೆ ನಿದ್ದೆ ಹೋದ ನಂತರ, ಮಡಚುಮೇಜಿನ ಮೇಲೆ ಚಹಾ ಇಟ್ಟುಕೊಂಡು ಮಗನಿಗೆ ಹೇಳಿದೆ. ‘ನಿನಗೊಬ್ಬ ಕಾಕಾ ಇದ್ದ.’

ನನ್ನ ತಾಯಿಯ ತವರು ಹಿಡಕಲ್ ಜಲಾಶಯದ ಹಿನ್ನೀರಿನ ಅಂಚಿನ ಹಳ್ಳಿ. ಘಟಪ್ರಭೆಗೆ ಕಟ್ಟಿದ ಆ ಆಣೆಕಟ್ಟು 51 ಟಿಎಂಸಿ ನೀರು ಹಿಡಿಯುವಂಥದು. ಲಕ್ಷಾಂತರ ಎಕರೆಗೆ ಹಸಿರು ಕೊಟ್ಟದ್ದು. ಹಿನ್ನೀರಿನಲ್ಲಿ ಹೊಲಮನೆಗಳೂ ಮುಳುಗಿದವು. ಹುನ್ನೂರಿನ ವಿಠ್ಠಲನ ಗುಡಿ ಈಗಲೂ ಮಳೆಗಾಲದಲ್ಲಿ ನೀರೊಳಗಿದ್ದು ಬೇಸಿಗೆಯಲ್ಲಿ ಮೇಲೇಳುತ್ತದೆ. 1977ರ ಮಳೆಗಾಲ. ನನಗೆ ಹದಿಮೂರು, ತಮ್ಮನಿಗೆ ಒಂಬತ್ತು. ಮಾವನ ಎಮ್ಮೆ ಕಾಯಲು ಹೋಗಿದ್ದೆವು. ಹಿಂದಿನ ವರ್ಷ ನಾವು ಶೇಂಗಾ ಆಯ್ದ ಹೊಲದ ಮೇಲೆ ನೀರು ಹರಡಿಕೊಂಡಿತ್ತು. ಮೊಣಕಾಲುದ್ದ ನೀರು. ‘ಇದು ನಮ್ಮ ಹೊಲಾನಽ’ ಎನ್ನುತ್ತ ತಮ್ಮ ನಗುತ್ತ ಒಳಗೆ ನಡೆದ. ಹೊಲದಲ್ಲಿ ಒಂದು ಬಾವಿ ಇತ್ತು. ನೀರಿನ ಮೇಲೆ ಬಾವಿ ಕಾಣುತ್ತದೆಯೇ?

ಅವನು ಕೂಗಲಿಲ್ಲ. ಮುಳುಗುವವರು ಕೂಗುವುದಿಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ. ಎರಡು ಸಲ ತಲೆ ಮೇಲೆ ಬಂತು, ಕೈ ಬಡಿಯಿತು. ನಾನು ದಂಡೆಯ ಮೇಲೆ ನಿಂತು ಚೀರಿದೆ. ಜನ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಷ್ಟನ್ನು ಊರು ಬಲ್ಲದು. ಊರು ತಿಳಿಯದ್ದು ಇನ್ನೊಂದಿದೆ. ಚೀರುತ್ತಿದ್ದ ನನ್ನ ಕೈಯಲ್ಲಿ ಎಮ್ಮೆ ಕಟ್ಟುವ ಹಗ್ಗವಿತ್ತು. ಅದನ್ನು ಎಸೆಯಬೇಕೆಂದು ನನಗೆ ಹೊಳೆಯಲಿಲ್ಲ. ಯಾರೂ ಅದನ್ನು ನನಗೆ ಕಲಿಸಿರಲಿಲ್ಲ.

ಮಗ ಬಹಳ ಹೊತ್ತು ಸುಮ್ಮನಿದ್ದ. ಆರನೆಯ ಇಯತ್ತೆಯಲ್ಲಿದ್ದಾಗ ಅವನು ಗೆಳೆಯರ ಜೊತೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಸು ಕಲಿಯಲು ಬಾವಿಗೆ ಹೋಗಿದ್ದ. ನಾನು ಛಡಿ ಹಿಡಿದು ಮನೆಯವರೆಗೆ ಹೊಡೆಯುತ್ತ ಕರೆತಂದಿದ್ದೆ. ಅದು ಅವನಿಗೂ ನೆನಪಿತ್ತು. ‘ಹೊಡೆದದ್ದು ನೆನಪೈತಪ್ಪಾ. ಯಾಕ ಅಂತ ಇವತ್ತ ಗೊತ್ತಾತು. ಅವತ್ತ ಹೇಳಿದ್ದರ ನಾನು ನಿನ್ನ ಮ್ಯಾಲ ಇಷ್ಟು ವರ್ಷ ಸಿಟ್ಟು ಹಿಡೀತಿದ್ದಿಲ್ಲ’ ಎಂದ. ನಮ್ಮ ಮನೆಯವರು ಕತ್ತಲಲ್ಲಿ ಕಣ್ಣೊರೆಸಿಕೊಂಡದ್ದು ನನಗೆ ತಿಳಿಯಿತು. ನಾಲ್ಕಡಿ ಅಗಲದ ಆ ಗಾಡಿಯಲ್ಲಿ ಎದ್ದು ಬೇರೆ ಕೋಣೆಗೆ ಹೋಗುವ ಅನುಕೂಲ ಯಾರಿಗೂ ಇರಲಿಲ್ಲ. ಒಳ್ಳೆಯದೇ ಆಯಿತು.

ನಂತರದ ದಿನ ಊಸ್ಟರ್‌ಸ್ಕೆಲ್ಡೆಯ ಸಮುದ್ರದ್ವಾರಗಳನ್ನು ನೋಡಿದೆವು. 1953ರ ಪಾಠದಿಂದ ಕಟ್ಟಿದ ಒಡ್ಡುಗಳ ಸರಣಿಯಲ್ಲಿ ಇದೇ ದೊಡ್ಡದು. ಸುಮಾರು 9 ಕಿಲೋಮೀಟರ್ ಉದ್ದ, 62 ಉಕ್ಕಿನ ಬಾಗಿಲುಗಳು. 1986ರ ಅಕ್ಟೋಬರ್ 4ರಂದು ರಾಣಿ ಬೀಟ್ರಿಕ್ಸ್ ಉದ್ಘಾಟಿಸಿದರು. ಮೊದಲು ಇಲ್ಲಿ ಸಮುದ್ರವನ್ನು ಪೂರ್ತಿ ಮುಚ್ಚುವ ಯೋಜನೆಯಿತ್ತು. ಮುಚ್ಚಿದರೆ ಉಪ್ಪುನೀರಿನ ಜೀವರಾಶಿ ಸಾಯುತ್ತದೆಂದು ಮೀನುಗಾರರೂ ಪರಿಸರದವರೂ ಹಟ ಹಿಡಿದರು. ಹಾಗಾಗಿ ಬಾಗಿಲುಗಳು ಬಂದವು. ಅವು ಸದಾ ತೆರೆದೇ ಇರುತ್ತವೆ. ನೀರಿನ ಮಟ್ಟ ಮೂರು ಮೀಟರ್ ಏರೀತೆಂಬ ಮುನ್ಸೂಚನೆ ಬಂದಾಗ ಮಾತ್ರ ಮುಚ್ಚುತ್ತವೆ. ಅಡ್ಡಗಾಳಿಗೆ ಮೈಯೊಡ್ಡಿ ಅದರ ಮೇಲೆ ನಿಂತು ನೋಡಿದೆ. ಕೆಳಗೆ ಸಮುದ್ರ ಭೋರ್ಗರೆದು ಒಳಗೆ ಬರುತ್ತಿತ್ತು, ಯಾರೂ ತಡೆಯುತ್ತಿರಲಿಲ್ಲ. ನಾನು ನನ್ನ ಮನೆಯಲ್ಲಿ ಕಟ್ಟಿದ್ದು ಬಾಗಿಲಿಲ್ಲದ ಗೋಡೆ ಎನ್ನಿಸಿತು.

ಹಿಂದಿರುಗುವ ದಿನ ಗಾಡಿಯ ಗಾಲಿ ಕ್ಯಾಂಪಿನ ಹಸಿ ಹುಲ್ಲಿನಲ್ಲಿ ಹುಗಿದು ಕುಳಿತಿತು. ಮಗ ಎಕ್ಸಲೇಟರ್ ಒತ್ತಿದಷ್ಟೂ ಅದು ಇಳಿಯುತ್ತಲೇ ಹೋಯಿತು. ಕೆಸರಿನಲ್ಲಿ ಸಿಕ್ಕ ಚಕ್ಕಡಿಯನ್ನು ಎಬ್ಬಿಸಿದ ಅನುಭವ ನನಗಿದೆಯಲ್ಲ! ಕಾಲೊರೆಸುವ ಚಾಪೆಗಳನ್ನು ಗಾಲಿಯ ಮುಂದೆ ತುರುಕಿಸಿ, ನಿಧಾನ ಗಿಯರು ಹಾಕಿಸಿ, ನಾನೂ ಇಬ್ಬರು ಡಚ್ ತಾತಂದಿರೂ ಹಿಂದಿನಿಂದ ‘ಹೈಸಾ’ ಎಂದೆವು. ಗಾಡಿ ಮೇಲೆ ಬಂತು. ಮೂವರ ಮುಖದ ಮೇಲೂ ಕೆಸರು. ಅವರಿಗೆ ಒಂದೊಂದು ತುಂಡು ಕರದಂಟು ಕೊಟ್ಟೆ. ಅಗಿಯುತ್ತಲೇ ಕೈಬೀಸಿದರು.

ಶನಿವಾರ ಬಂತು. ಈಜುಕೊಳದ ಸುತ್ತ ತಾಯಿತಂದೆಗಳು, ಅಜ್ಜಅಜ್ಜಿಯರು. ಮೊಮ್ಮಗ ಅಂಗಿ, ಬೂಟುಗಳ ಸಹಿತ ಜಿಗಿದ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವನು ತೇಲುತ್ತಿದ್ದ. ಬಳಿಕ ತಾಡಪಾಲಿನ ಸರದಿ. ಮುಳುಗಿದ. ಒಂದು, ಎರಡು, ಮೂರು... ನಾನು ಮಗನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಆಮೇಲೆ ಅವನ ಮುಂಗೈ ಕೆಂಪಾಗಿತ್ತು. ಆಚೆ ಬದಿಯಲ್ಲಿ ತಲೆ ಮೇಲೆದ್ದಿತು. 1977ರಲ್ಲಿ ಮೂರನೆಯ ಸಲ ಮೇಲೆ ಬರದಿದ್ದ ತಲೆಯನ್ನು ನಾನು ಅಂದು ಕಂಡೆ ಎಂದರೆ ಅತಿಶಯೋಕ್ತಿಯಲ್ಲ.

ಇಷ್ಟನ್ನು ಬರೆದ ಮೇಲೆ ತಾಯಿತಂದೆಗಳಿಗೆ ನಾಲ್ಕು ಮಾತು ಹೇಳದಿದ್ದರೆ ನಾನು ಮಾಸ್ತರನೇ ಅಲ್ಲ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ; ಅವರಲ್ಲಿ ಸುಮಾರು ಅರ್ಧದಷ್ಟು ಜನ ಮೂವತ್ತು ದಾಟದವರು. ನಮ್ಮ ಸೀಮೆಯಲ್ಲಿ ಹೊಳೆ, ಕಾಲುವೆ, ಬಾವಿ, ಕೃಷಿಹೊಂಡ ಎಲ್ಲವೂ ಉಂಟು. 2019ರ ಆಗಸ್ಟಿನಲ್ಲಿ ಗೋಕಾಕಕ್ಕೆ ಘಟಪ್ರಭೆ ನುಗ್ಗಿದ್ದನ್ನು ಕಂಡಿದ್ದೇವೆ. ನೀರು ನಮ್ಮನ್ನು ಕೇಳಿ ಬರುವುದಿಲ್ಲ. ‘ಹೋಗಬ್ಯಾಡ’ ಎಂದು ಹೇಳಿ. ಆದರೆ ಯಾಕೆಂದೂ ಹೇಳಿ. ಬಲ್ಲ ಹಿರಿಯರು ನೀರಿನಲ್ಲಿ ಜೊತೆಗಿದ್ದಾಗ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಈಸು ಕಲಿಸಿ. ವಿದ್ಯಾರ್ಥಿಗಳೇ, ಮುಳುಗುವವನ ಹತ್ತಿರ ನೀವು ಜಿಗಿಯಬೇಡಿ, ಇಬ್ಬರೂ ಹೋಗುತ್ತೀರಿ. ದಂಡೆಯ ಮೇಲೆ ಅಡ್ಡ ಮಲಗಿ ಬಿದಿರು ಚಾಚಿ, ಖಾಲಿ ಕೊಡ ಎಸೆಯಿರಿ, ಸೀರೆ ಎಸೆಯಿರಿ, ಹಗ್ಗ ಎಸೆಯಿರಿ. ಗುರುತಿನ ನೆಲವೆಂದು ಹೊಸ ನೀರಿಗೆ ಇಳಿಯಬೇಡಿ.

2025ರ ಬೇಸಿಗೆಯಲ್ಲಿ ನಮ್ಮ ಓಣಿಯ ರೈತರೊಬ್ಬರನ್ನು ಕೇಳಿಕೊಂಡೆ. ಅವರ ಬಾವಿಗೆ ಒಳ್ಳೆಯ ಪಾವಟಿಗೆಗಳಿವೆ, ಅವರ ಈಸು ನೋಡಿದರೆ ಮೀನು ನಾಚಬೇಕು. ದಿನಾ ಬೆಳಿಗ್ಗೆ ಏಳಕ್ಕೆ ಮೂರೇ ಮಕ್ಕಳು, ಜೊತೆಗೆ ಅವರವರ ಮನೆಯ ಒಬ್ಬ ಹಿರಿಯರು, ಇದು ಕಟ್ಟಳೆ. ಮೊದಲ ದಿನ ನಾನು ಮೇಲೇ ನಿಂತಿದ್ದೆ. ನಾಲ್ಕನೆಯ ದಿನ ಒಬ್ಬ ಹುಡುಗಿ ಕೆಳಗಿನಿಂದ, ‘ಸರ್, ನೀವು ಯಾಕ ಇಳಿಯೂದಿಲ್ರಿ?’ ಎಂದು ಕೇಳಿಯೇ ಬಿಟ್ಟಳು. ಅರವತ್ತು ದಾಟಿದ ನಾನು ಬೆನ್ನಿಗೆ ಎರಡು ಎಣ್ಣೆ ಡಬ್ಬಿ ಕಟ್ಟಿಸಿಕೊಂಡು ಪಾವಟಿಗೆ ಇಳಿದೆ. ನೀರು ತಣ್ಣಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಇನ್ನೂ ಈಸು ಪೂರ್ತಿ ಬಂದಿಲ್ಲ.

ಬಾವಿಯ ದಂಡೆಯ ಬೇವಿನ ಗಿಡಕ್ಕೆ ಒಂದು ಉದ್ದನೆಯ ಹಗ್ಗ ಸುತ್ತಿಟ್ಟಿದ್ದೇನೆ. ಬಂದ ಪ್ರತಿ ಮಗುವೂ ಮೊದಲು ಅದನ್ನು ಎಸೆಯುವುದನ್ನು ಕಲಿಯಬೇಕು. ಈಸು ಆಮೇಲೆ.